ಲಂಗದ ಮಾದರಿಗೆ ಚಿತ್ರವಷ್ಟೇ ಅಲ್ಲ, ಅಳತೆಯೂ ಬೇಕು

ಮಾನ್ಯ ಸಂಪಾದಕರೆ,

ನಿಮ್ಮ ಪುರವಣಿಯಲ್ಲಿ ಬಂದ, ಮೂರು-ನಾಲ್ಕು ವರ್ಷದ ಮಗುವಿನ ಕ್ರೋಶಾ ಲಂಗದ ಚಿತ್ರ ಚೆಂದ ಇತ್ತು. ಆದರೆ ಅದನ್ನು ನೋಡಿಕೊಂಡು ಹೆಣೆಯಲು ಕೂತವರಿಗೆ ಲಂಗ ಕೈಗೆ ಬರುವುದು ಕಷ್ಟ. ‘ಉಲ್ಲನ್ ಎರಡು ಉಂಡೆ, 120 ಚೈನು’ (ಸರಪಳಿ ಕುಣಿಕೆ) ಎಂದಷ್ಟೇ ಬರೆದಿದೆ. ದಾರ ಎಷ್ಟು ದಪ್ಪ, ಕಡ್ಡಿ ಎಷ್ಟು ಮಿಲಿಮೀಟರಿನದು, 10 ಸೆಂ.ಮೀ.ಗೆ ಎಷ್ಟು ಕಂಬ (ಉದ್ದ ಹೊಲಿಗೆ) ಬರಬೇಕು, ಮುಗಿದಾಗ ಸುತ್ತಳತೆ ಎಷ್ಟಿರಬೇಕು, ಇವುಗಳಲ್ಲಿ ಒಂದೂ ಇಲ್ಲ.

ಮೊದಲಿಗೆ ದಾರದ ಮಾತು. ಅಂಗಡಿಯಲ್ಲಿ ಉಲ್ಲನ್ ಎಂದು ಸಿಗುವುದು ಬಹುತೇಕ ಅಕ್ರಿಲಿಕ್. ಅದು ಬೆವರು ಹೀರುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರು, ಬಳ್ಳಾರಿ, ಕೊಪ್ಪಳದ ಬಿಸಿಲಲ್ಲಿ ಆ ಲಂಗ ತೊಟ್ಟ ಮಗುವಿನ ಸೊಂಟದ ಸುತ್ತ ಬೆವರುಸಾಲೆ ಏಳುತ್ತದೆ. ಬೆಂಕಿ ತಗುಲಿದರೆ ಅಕ್ರಿಲಿಕ್ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಹತ್ತಿಯೂ ಉರಿಯುತ್ತದೆ, ಆದರೆ ಹಾಗೆ ಕರಗಿ ಅಂಟುವುದಿಲ್ಲ. ಎಪಿಎಂಸಿಗೆ ಗಾಡಿಗಟ್ಟಲೆ ಹತ್ತಿ ಬರುವ ರಾಯಚೂರಿನಂಥ ಊರಲ್ಲಿ ಮಗುವಿಗೆ ಅಕ್ರಿಲಿಕ್ ತೊಡಿಸುವುದು ನಮಗಂತೂ ಸರಿ ಕಾಣುವುದಿಲ್ಲ. ನಾಲ್ಕು ಎಳೆಯ ಹತ್ತಿ ದಾರ ತೊಗೊಳ್ಳಿ. ಈ ಲಂಗಕ್ಕೆ ಸುಮಾರು 120 ಗ್ರಾಂ ಹಿಡಿಯುತ್ತದೆ. ಒಂದೇ ಲಾಟ್ ನಂಬರಿನ, ಅಂದರೆ ಒಂದೇ ಸಲ ಬಣ್ಣ ಹಾಕಿದ, 150 ಗ್ರಾಂ ಕೊಂಡಿಟ್ಟುಕೊಂಡರೆ ನಡುವೆ ಬಣ್ಣದ ಪಟ್ಟೆ ಬೀಳುವ ಭಯ ಇರುವುದಿಲ್ಲ.

ಹಾಗಂತ ಉಲ್ಲನ್ ಮಾದರಿಯನ್ನು ಹಾಗೇ ಇಟ್ಟುಕೊಂಡು ದಾರ ಮಾತ್ರ ಬದಲಿಸಿದರೆ ಆಗುವುದಿಲ್ಲ. ಉಲ್ಲನ್ ಎಳೆದರೆ ಮತ್ತೆ ತನ್ನ ಜಾಗಕ್ಕೆ ಬರುತ್ತದೆ, ಹತ್ತಿ ಬರುವುದಿಲ್ಲ. ಹತ್ತಿಯ ಭಾರವೂ ಹೆಚ್ಚು, ಒದ್ದೆಯಾದರೆ ಇನ್ನೂ ಹೆಚ್ಚು. ಆದ್ದರಿಂದ ಸೊಂಟವನ್ನು ಬಿಗಿಯಾಗಿ ಹೆಣೆದು ‘ಹಿಗ್ಗುತ್ತದೆ ಬಿಡು’ ಎಂದುಕೊಂಡರೆ ಲಂಗ ಒಂದೋ ಪೃಷ್ಠ ದಾಟಿ ಮೇಲೇರುವುದಿಲ್ಲ, ಇಲ್ಲವೇ ನಾಲ್ಕು ದಿನಕ್ಕೆ ಜಾರಿ ಬೀಳುತ್ತದೆ. ಪೃಷ್ಠದ ಅಳತೆಗೆ ಹೆಣೆದು ಎಲಾಸ್ಟಿಕ್‌ನಿಂದ ಸೊಂಟಕ್ಕೆ ಕೂರಿಸುವುದೇ ಸರಿ. ಲಾಡಿ ಬೇಡ. ಚಿಕ್ಕ ಮಕ್ಕಳ ಲಾಡಿ ಬಿಚ್ಚಿಹೋಗುತ್ತದೆ, ಇಲ್ಲವೇ ಗಂಟು ಬಿದ್ದು ಅವಸರದಲ್ಲಿ ಬಿಚ್ಚಲು ಬರುವುದಿಲ್ಲ.

ವಯಸ್ಸು ನಂಬಬೇಡಿ, ಟೇಪು ಹಿಡಿಯಿರಿ. ಇಲ್ಲಿ ಸೊಂಟ 52 ಸೆಂ.ಮೀ., ಪೃಷ್ಠ 58 ಸೆಂ.ಮೀ. ಇರುವ ಮಗುವಿನ ಲೆಕ್ಕ ಕೊಡುತ್ತೇವೆ. ಎರಡು ಸೆಂ.ಮೀ. ಸಡಿಲ ಸೇರಿಸಿದರೆ 60. 3 ಮಿ.ಮೀ. ಕಡ್ಡಿಯಲ್ಲಿ, ದಾರ ಒಮ್ಮೆ ಸುತ್ತಿ ಎಳೆಯುವ ಕಂಬ, ಅಂದರೆ ಡಬಲ್ ಕ್ರೋಶಾ, 10 ಸೆಂ.ಮೀ.ಗೆ 22 ಬರಬೇಕು. ಹಾಗಾಗಿ ಸುತ್ತಿಗೆ 132 ಕಂಬ.

ಎಲ್ಲ ಕೆಡುವುದು ಈ 22ರಲ್ಲೇ. ನಮ್ಮ ಕಡೆ ಬಹಳ ಹೆಣ್ಣುಮಕ್ಕಳು ಕ್ರೋಶಾ ಕಲಿಯುವುದು ಸೀರೆ ಕುಚ್ಚಿನಿಂದ. ಕುಚ್ಚಿಗೆ ಕೈ ಬಿಗಿ ಇರಬೇಕು, ಲಂಗಕ್ಕೆ ಅದೇ ಕೈ ಬಂದರೆ 10 ಸೆಂ.ಮೀ.ಗೆ 26 ಕಂಬ ಕೂರುತ್ತವೆ. ಆಗ 132 ಕಂಬದ ಸುತ್ತಳತೆ 51 ಸೆಂ.ಮೀ. ಕೂಡ ತುಂಬುವುದಿಲ್ಲ, 58ರ ಪೃಷ್ಠದ ಮೇಲೆ ಅದು ಏರುವ ಮಾತೇ ಇಲ್ಲ. ಕೈ ಸಡಿಲವಿದ್ದು 20 ಬಂದರೆ 66 ಸೆಂ.ಮೀ. ಆಗುತ್ತದೆ. ಆದ್ದರಿಂದ 15 ಸೆಂ.ಮೀ. ಚೌಕ ಒಂದನ್ನು ಹೆಣೆದು, ಒಗೆದು, ಒಣಗಿಸಿ, ನಡುವಿನ 10 ಸೆಂ.ಮೀ. ಎಣಿಸಿ. ಕಂಬ ಹೆಚ್ಚು ಬಂದರೆ 3.5ರ ಕಡ್ಡಿ, ಕಡಿಮೆ ಬಂದರೆ 2.5ರದು. ಕೈಯನ್ನೇ ಸಡಿಲ ಮಾಡುತ್ತೇನೆ ಎಂದು ಹೊರಟರೆ ಹತ್ತು ಸುತ್ತಿನೊಳಗೆ ಅದು ಹಳೆಯ ಬಿಗಿಗೇ ಮರಳುತ್ತದೆ.

ಇನ್ನು ಹೆಣಿಗೆ. ಅರ್ಧ ಮಿಲಿಮೀಟರು ಹೆಚ್ಚು ದಪ್ಪದ, ಅಂದರೆ 3.5 ಮಿ.ಮೀ. ಕಡ್ಡಿಯಲ್ಲಿ 133 ಚೈನು ಹಾಕಿ, ಯಾಕೆಂದರೆ ಚೈನು ಯಾವಾಗಲೂ ಕಂಬಕ್ಕಿಂತ ಬಿಗಿ. ಮತ್ತೆ 3 ಮಿ.ಮೀ. ಕಡ್ಡಿ ಹಿಡಿದು ಎರಡನೇ ಚೈನಿನಿಂದ 132 ಸಿಂಗಲ್, ಅಂದರೆ ದಾರ ಸುತ್ತದೆ ಎಳೆಯುವ ಗಿಡ್ಡ ಹೊಲಿಗೆ, ಹಾಕಿ. ಚೈನನ್ನು ಆಗಲೇ ಉಂಗುರ ಮಾಡಬೇಡಿ. ಅಷ್ಟುದ್ದದ ಚೈನು ಎಲ್ಲೋ ಒಂದು ಕಡೆ ತಿರುಚಿಕೊಂಡಿರುತ್ತದೆ, ಅದು ಗೊತ್ತಾಗುವುದು ನಾಲ್ಕು ಸುತ್ತಾದ ಮೇಲೆ, ಆಗ ಬಿಚ್ಚದೆ ಬೇರೆ ದಾರಿ ಇಲ್ಲ. ಒಂದು ಸಾಲು ಮುಗಿಸಿ ನೇರ ಮಾಡಿಕೊಂಡು ಜೋಡಿಸಿ, ಉಳಿಯುವ ಸಣ್ಣ ಸಂದನ್ನು ಆರಂಭದಲ್ಲಿ ಬಿಟ್ಟ ದಾರದ ತುದಿಯಿಂದ ಹೊಲಿದುಬಿಡಿ. ಹೀಗೆ ಒಟ್ಟು 6 ಸುತ್ತು ಸಿಂಗಲ್. 7ನೇ ಸುತ್ತನ್ನು ಪ್ರತಿ ಹೊಲಿಗೆಯ ತಲೆಯ ಎರಡು ಎಳೆಗಳಲ್ಲಿ ಹಿಂದಿನ ಎಳೆಗೆ ಮಾತ್ರ ಹಾಕಿ, ಮಡಿಕೆ ಬೀಳುವುದು ಅಲ್ಲೇ. ಆಮೇಲೆ 5 ಸುತ್ತು. ಈಗ ಒಳಮುಖವಾಗಿ ಮಡಚಿ, ಮುಂದಿನ ಸುತ್ತಿನ ಸಿಂಗಲ್‌ಗಳನ್ನು ಮೇಲಿನ ಹೊಲಿಗೆ ಮತ್ತು ಮೊದಲಿನ ಚೈನು ಎರಡನ್ನೂ ಕೂಡಿಸಿ ಹಾಕುತ್ತ ಹೋಗಿ. ಕೊನೆಯ 8 ಹೊಲಿಗೆಗಳಲ್ಲಿ ಚೈನನ್ನು ಬಿಟ್ಟುಬಿಡಿ, ಎಲಾಸ್ಟಿಕ್ ತೂರಿಸುವ ಬಾಯಿ ಅದು. 2 ಸೆಂ.ಮೀ. ಅಗಲದ ಎಲಾಸ್ಟಿಕ್ 51 ಸೆಂ.ಮೀ. ಸಾಕು: ಸೊಂಟಕ್ಕಿಂತ 3 ಕಡಿಮೆ, ಮೇಲೆ ಮೇಲಿಟ್ಟು ಹೊಲಿಯಲು 2 ಹೆಚ್ಚು. ಸಣ್ಣ ಅಗಲದ್ದು ಬೇಡ, ಒಳಗೆ ಹುರಿಗಟ್ಟಿ ಸೊಂಟಕ್ಕೆ ಬರೆ ಎಳೆಯುತ್ತದೆ.

ಈ ಸೊಂಟದ ಪಟ್ಟಿಯಿಂದ ಕೆಳಗೆ 24 ಸುತ್ತು ಕಂಬ. 4, 8, 12, 16, 20, 24ನೇ ಸುತ್ತುಗಳಲ್ಲಿ 12 ಜಾಗದಲ್ಲಿ ಒಂದೇ ಕಂಬದ ಮೇಲೆ ಎರಡು ಹಾಕಿ ಹೆಚ್ಚಿಸಿ. ಮೊದಲ ಸಲ 10 ಕಂಬ ಬಿಟ್ಟು 11ನೆಯದರಲ್ಲಿ ಎರಡು, ಮುಂದಿನ ಸಲ 11 ಬಿಟ್ಟು 12ನೆಯದರಲ್ಲಿ, ಹೀಗೆ. ಕೊನೆಗೆ 204 ಕಂಬ, ಘೇರು ಸುಮಾರು 93 ಸೆಂ.ಮೀ. ಆಗುತ್ತದೆ. ಹೆಚ್ಚಿಸಿದ ಜಾಗಗಳು ಒಂದರ ಕೆಳಗೊಂದು ಬಂದರೆ ಲಂಗಕ್ಕೆ ಹನ್ನೆರಡು ಮೂಲೆ ಏಳುತ್ತವೆ, ಅದಕ್ಕೆ ಒಂದು ಬಿಟ್ಟು ಒಂದು ಹೆಚ್ಚಳದ ಸುತ್ತನ್ನು ಅರ್ಧ ಅಂತರದಿಂದ ಶುರು ಮಾಡಿ. ಅಂಚಿಗೆ ಒಂದು ಸಿಂಗಲ್, ಎರಡು ಬಿಟ್ಟು ಮೂರನೆಯದರಲ್ಲಿ 5 ಕಂಬ, ಮತ್ತೆ ಎರಡು ಬಿಡಿ. ಆರರ ಲೆಕ್ಕಕ್ಕೆ 34 ಕಮಾನು ಸರಿಯಾಗಿ ಕೂರುತ್ತವೆ, ಉದ್ದ ಸುಮಾರು 25 ಸೆಂ.ಮೀ. ಬರುತ್ತದೆ.

ಲಂಗ ಒಂದೇ ಬದಿಗೆ ಅಗಲವಾಗುತ್ತದೆ ಎಂದು ದೂರುವವರು ಸುತ್ತಿನ ಆರಂಭ ನೋಡಿಕೊಳ್ಳಲಿ. ಆರಂಭದ 3 ಚೈನೇ ಮೊದಲ ಕಂಬ. ಅದರ ಬುಡದಲ್ಲೇ ಇನ್ನೊಂದು ಕಂಬ ಹಾಕಿದರೆ ಸುತ್ತಿಗೊಂದು ಹೆಚ್ಚಾಗಿ, 24 ಸುತ್ತಿಗೆ 11 ಸೆಂ.ಮೀ. ಒಂದೇ ಕಡೆ ಸೇರುತ್ತದೆ. ಆ ಚೈನಿನ ತುದಿಯನ್ನು ಕಂಬವೆಂದು ಎಣಿಸದಿದ್ದರೆ ಸುತ್ತಿಗೊಂದು ಕಡಿಮೆಯಾಗುತ್ತದೆ. ಜೋಡಣೆಯ ಗೆರೆ ಓರೆಯಾಗಿ ಸುತ್ತಿಕೊಂಡು ಹೋಗುವುದು ಬೇರೆ ತೊಂದರೆ. ಪ್ರತಿ ಸುತ್ತಿಗೂ ಹೆಣಿಗೆಯನ್ನು ತಿರುಗಿಸಿಕೊಂಡರೆ ಗೆರೆ ನೆಟ್ಟಗೆ ಇಳಿಯುತ್ತದೆ.

ಕಂಬದ ಹೆಣಿಗೆಯಲ್ಲಿ ಮೈ ಕಾಣುತ್ತದೆ, ಒಳಗೆ ತೆಳು ಹತ್ತಿಯ ಅಸ್ತರು ಬೇಕು. ಬಟ್ಟೆಯನ್ನು ಮೊದಲೇ ನೀರಿಗೆ ಹಾಕಿ ಕುಗ್ಗಿಸಿ, 75 ಸೆಂ.ಮೀ. ಸುತ್ತಿಗೆ ಹೊಲಿದು, ನೆರಿಗೆ ಹಿಡಿದು ಪಟ್ಟಿಗೆ ಮಾತ್ರ ಸೇರಿಸಿ. ಕೆಳ ಅಂಚಿಗೆ ಸೇರಿಸಿದರೆ ಹೆಣಿಗೆ ಇಳಿದಾಗ ಲಂಗ ಚೀಲದಂತೆ ಉಬ್ಬುತ್ತದೆ. ಐದೈದು ಚೈನಿನ ಬಲೆಯಂಥ ಡಿಸೈನು ದೊಡ್ಡವರ ಶಾಲಿಗೆ ಸರಿ. ಮಕ್ಕಳ ಲಂಗದಲ್ಲಿ ಅದು ಸೈಕಲ್ ಪೆಡಲಿಗೂ ಬಾಗಿಲ ಚಿಲಕಕ್ಕೂ ಸಿಕ್ಕಿಕೊಳ್ಳುತ್ತದೆ.

ಒಗೆದ ಮೇಲೆ ಹಗ್ಗಕ್ಕೆ ನೇತುಹಾಕಬೇಡಿ, ನೀರಿನ ಭಾರಕ್ಕೆ ಉದ್ದ ಇಳಿದುಬಿಡುತ್ತದೆ. ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಒಳಮೈ ಮೇಲೆ ಮಾಡಿ ನೆರಳಲ್ಲಿ ಹಾಸಿ. ಬೋರಿನ ಗಡಸು ನೀರಲ್ಲಿ ಹತ್ತಿ ಬಿರುಸಾಗುತ್ತದೆ, ಕೊನೆಯ ಜಾಲಾಡಿಗಾದರೂ ಸಿಹಿ ನೀರು ಬಳಸಿ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತಿಗೆ ನೆಚ್ಚಿಕೊಂಡು ಕೂರಬೇಡಿ. ಹೆಣೆಯುವ ಮೊದಲೇ ದಾರವನ್ನು ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಅಂಗಡಿಗೆ ಮರಳಿಸಿ. ಉಳಿದ ದಾರವನ್ನು ಲಡಿ ಮಾಡಿ ಲಂಗದ ಜೊತೆಗೇ ಒಗೆಯುತ್ತಿದ್ದರೆ ಎರಡೂ ಒಂದೇ ಸಮ ಮಾಸುತ್ತವೆ. ಮಗು ಎತ್ತರವಾದಾಗ ಅಂಚು ಬಿಚ್ಚಿ ನಾಲ್ಕು ಸುತ್ತು ಸೇರಿಸಿದರೂ ಗುರುತು ಸಿಗುವುದಿಲ್ಲ.

ಮುಂದೆ ಇಂಥ ಮಾದರಿ ಅಚ್ಚು ಹಾಕುವಾಗ ದಾರದ ಜಾತಿ ಮತ್ತು ತೂಕ, 10 ಸೆಂ.ಮೀ.ಗೆ ಕಂಬದ ಲೆಕ್ಕ, ಮುಗಿದ ಅಳತೆ ಇಷ್ಟನ್ನು ಚಿತ್ರದ ಕೆಳಗೆ ಹಾಕಿ. ಕಡ್ಡಿಯನ್ನು ಮಿಲಿಮೀಟರಿನಲ್ಲೇ ಹೇಳಿ. ಉಕ್ಕಿನ ಕಡ್ಡಿಗಳಲ್ಲಿ ನಂಬರು ದೊಡ್ಡದಾದಷ್ಟೂ ಕಡ್ಡಿ ತೆಳ್ಳಗಾಗುವುದರಿಂದ, ಬರೀ ನಂಬರು ಕೊಟ್ಟರೆ ಹೊಸಬರು ತಪ್ಪು ಕಡ್ಡಿ ತರುತ್ತಾರೆ. ಜಾಗ ಸಾಲದಿದ್ದರೆ ಚಿತ್ರವನ್ನು ಸ್ವಲ್ಪ ಚಿಕ್ಕದು ಮಾಡಿದರೂ ನಡೆಯುತ್ತದೆ.

— ಕ್ರೋಶಾ ಕಲಿಸುವ ಓದುಗರು, ಗಂಗಾವತಿ, ಕೊಪ್ಪಳ ಜಿಲ್ಲೆ