ಆಪರೇಷನ್ ಆದ ಮೇಲಿನ ಆರೈಕೆ ಕನ್ನಡದಲ್ಲಿ ತಿಳಿಸಿ

ಮಾನ್ಯ ಸಂಪಾದಕರೇ,

ಸ್ತನ ಕ್ಯಾನ್ಸರ್ ಆಪರೇಷನ್ ಆದವರನ್ನು ಎಷ್ಟೋ ಸಲ ಗಾಯದೊಳಗೆ ಸೇರುವ ನೀರನ್ನು ಹೊರಗೆ ಹರಿಸುವ ಡ್ರೈನ್ ನಳಿಕೆಯ ಸಮೇತ ಮನೆಗೆ ಕಳಿಸುತ್ತಾರೆ. ದಿನಾ ಎಷ್ಟು ಮಿಲಿ ನೀರು ಬಂತು ಅಂತ ಅಳೆದು ಬರೆದಿಡಬೇಕು. ಆ ಲೆಕ್ಕ ನೋಡಿಯೇ ವೈದ್ಯರು ನಳಿಕೆ ತೆಗೆಯುವುದು. ಆದರೆ ನಮ್ಮ ಅತ್ತಿಗೆಗೆ ಕೊಟ್ಟ ಡಿಸ್ಚಾರ್ಜ್ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಬೀದರ್, ರಾಯಚೂರಿನಿಂದ ಬೆಂಗಳೂರಿಗೆ ಬಂದು ಹೋಗುವವರು ಯಾರನ್ನು ಕೇಳಬೇಕು?

ಗಾಯಕ್ಕೆ ಅರಿಶಿನ ಹಚ್ಚಿ ಎಂದು ಹೇಳುವವರೇ ಜಾಸ್ತಿ. ವೈದ್ಯರು ಹೇಳದ ಯಾವ ಪುಡಿ, ಎಣ್ಣೆಯೂ ಬೇಡ. ಸೋಪಿನಿಂದ ಕೈ ತೊಳೆದೇ ಮುಟ್ಟಿ. ಗಾಯ ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ, ಜ್ವರ 100.4 ಡಿಗ್ರಿ ದಾಟಿದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯಬೇಡಿ.

ಇನ್ನು ನೋವು. ಹಲ್ಲು ಕಚ್ಚಿ ಸಹಿಸುವವರನ್ನೇ ನಾವು ಹೊಗಳುತ್ತೇವೆ, ಅಲ್ವಾ? ಸುಮ್ನೆ ಯಾಕೆ ನರಳಬೇಕು? ನೋವು ಏರುವ ಮೊದಲೇ, ವೈದ್ಯರು ಹೇಳಿದ ಹೊತ್ತಿಗೆ ಮಾತ್ರೆ ತೆಗೆದುಕೊಂಡರೆ ನಿದ್ದೆ ಬರುತ್ತದೆ, ತೋಳಿನ ವ್ಯಾಯಾಮವೂ ಆಗುತ್ತದೆ. ವ್ಯಾಯಾಮ ತಪ್ಪಿದರೆ ಭುಜ ಬಿಗಿಯುತ್ತದೆ.

ಆಸ್ಪತ್ರೆಗಳು ಕನ್ನಡದಲ್ಲಿ ಒಂದು ಹಾಳೆ ಸೂಚನೆ, ರಾತ್ರಿಯೂ ಸಿಗುವ ಒಂದು ಫೋನ್ ನಂಬರ್ ಕೊಡಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್‌ಗಳಿಗೂ ಡ್ರೈನ್ ನೋಡಿಕೊಳ್ಳುವುದನ್ನು ಸರ್ಕಾರ ಕಲಿಸಲಿ.

– ಓದುಗರೊಬ್ಬರು, ರಾಯಚೂರು