ಗೊಂಬೆ ಫೋಟೋ ಕೆಲಸದ ಬಗ್ಗೆ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರಿಗೆ ನಮಸ್ಕಾರ,

ಮೂರರಿಂದ ಐದನೇ ಕ್ಲಾಸಿನ ಮಕ್ಕಳಿಗೆ ಈ ತಿಂಗಳು ಒಂದು ಕೆಲಸ ಕೊಟ್ಟಿದೀವಿ, ಮನೇಲಿರೋ ಪುಟ್ಟ ಗೊಂಬೆಗಳನ್ನ ಜೋಡಿಸಿ ಕಿನ್ನರಿ ಕಥೆ ಥರ ಒಂದು ದೃಶ್ಯ ಮಾಡಿ ಫೋಟೋ ತೆಗೆದು ತರಬೇಕು, ಜೊತೆಗೆ ಆ ಕಥೆ ನಾಲ್ಕೈದು ಸಾಲಲ್ಲಿ. ಇದು ಆಟಾನಾ ಪಾಠಾನಾ ಮಿಸ್ ಅಂತ ಕೆಲವರು ಗೇಟ್ ಹತ್ರ ನಿಲ್ಲಿಸಿ ಕೇಳಿದ್ರಿ. ಎರಡೂ ಹೌದು.

ಆದ್ರೆ ಒಂದು ಮಾತು ಬಿಚ್ಚಿ ಹೇಳ್ಬೇಕು. ಕಳೆದ ಸಲ ಬಂದ ಫೋಟೋಗಳಲ್ಲಿ ಸುಮಾರು ದೊಡ್ಡವರ ಕೈಕೆಲಸ ಅಂತ ನೋಡಿದ ತಕ್ಷಣ ಗೊತ್ತಾಗ್ತಿತ್ತು, ಹೊಸ ಸೆಟ್, ಹೊಸ ಲೈಟು, ಎಲ್ಲಾ ಅಚ್ಚುಕಟ್ಟು. ಒಬ್ಬ ಹುಡುಗನನ್ನ ಕಥೆ ಹೇಳಪ್ಪಾ ಅಂದ್ರೆ ತಲೆ ತಗ್ಗಿಸ್ಕೊಂಡು "ಅದು ಅಪ್ಪ ಮಾಡಿದ್ದು ಮಿಸ್, ನನ್ನ ರಾಜಂಗೆ ಒಂದು ಕೈ ಮುರಿದಿದೆ ಅಂತ ತೆಗೆದುಬಿಟ್ರು" ಅಂದ. ನಂಗೆ ಕರುಳು ಚುರ್ ಅಂತು, ಯಾಕಂದ್ರೆ ಆ ಮುರಿದ ಕೈಯಲ್ಲೇ ಅವನ ಕಥೆ ಇತ್ತು.

ಅದೇ ಸಲ ಇನ್ನೊಬ್ಬಳು ಮೂರನೇ ಕ್ಲಾಸಿನ ಹುಡುಗಿ ಕ್ಲಾಸಲ್ಲೇ ಕೂತು ಮಾಡಿದ್ದನ್ನ ನಾನು ಪಕ್ಕದಲ್ಲಿ ನಿಂತು ನೋಡ್ದೆ. ಪುಟ್ಟ ಕನ್ನಡಿ ಮಲಗಿಸಿ ಕೆರೆ ಮಾಡಿದ್ಲು, ಪೆನ್ಸಿಲ್ ಕೆತ್ತಿದಾಗ ಬರುತ್ತಲ್ಲ ಆ ಸುರುಳಿ ಸಿಪ್ಪೆ, ಕೆಂಪು ಅಂಚಿನದು, ಅದನ್ನ ಒಂದೊಂದಾಗಿ ಉಗುರಲ್ಲಿ ಎತ್ತಿ ಕನ್ನಡಿ ಮೇಲಿಟ್ಟು ತಾವರೆ ಮಾಡಿದ್ಲು. ಕರಡಿ ಗೊಂಬೆ ಮುಂದಕ್ಕೆ ಬಾಗಿ ಬಾಗಿ ಬೀಳ್ತಿತ್ತು, ಕಾಲಡಿ ಒಂಚೂರು ಕ್ಲೇ ಒತ್ತಿ ನಿಲ್ಲಿಸಿ "ಇದು ಬೀಳ್ತಿಲ್ಲ ಮಿಸ್, ನೀರಲ್ಲಿ ತನ್ನ ಮುಖ ಹುಡುಕ್ತಿದೆ" ಅಂದ್ಲು. ಇಡೀ ಒಂದು ಪೀರಿಯಡ್ ಆ ಮಗು ಬೇರೆ ಕಡೆ ತಿರುಗಿಲ್ಲ. ಬರೆಯೋಕೆ ಕೂತ್ರೆ ಎರಡು ಸಾಲಿಗೇ ಪೆನ್ಸಿಲ್ ಇಡ್ತಿದ್ದವಳು ಅವತ್ತು ಒಂದು ಪುಟ ಬರೆದ್ಲು.

ನಿಮ್ಮ ಸಹಾಯ ಬೇಕಾಗೋದು ಫೋನ್ ಹಿಡಿಯೋದ್ರಲ್ಲಿ. ಮೇಲಿಂದ ತೆಗೆದ್ರೆ ಗೊಂಬೆ ಗೊಂಬೆಯಾಗೇ ಕಾಣುತ್ತೆ, ಅದರ ಕಣ್ಣಿನ ಮಟ್ಟಕ್ಕೆ ಇಳೀಬೇಕು, ನೆಲದ ಮೇಲೆ ಮಲಗಿದ್ರೂ ಸರಿ, ಫೋನನ್ನ ತಲೆಕೆಳಗೆ ಹಿಡಿದ್ರೆ ಲೆನ್ಸ್ ನೆಲಕ್ಕೆ ಹತ್ರ ಬರುತ್ತೆ, ಆಗ ನಾಲ್ಕು ಸೆಂಟಿಮೀಟರ್ ರಾಜಕುಮಾರಿನೂ ಎತ್ತರಕ್ಕೆ ನಿಂತಂಗೆ ಕಾಣ್ತಾಳೆ. ತೀರಾ ಹತ್ರ ಹೋದ್ರೆ ಫೋಕಸ್ ಆಗಲ್ಲ, ಸ್ವಲ್ಪ ಹಿಂದೆ ಬಂದು ಝೂಮ್ ಮಾಡ್ಲಿ. ಫ್ಲಾಶ್ ಬೇಡವೇ ಬೇಡ. ಕಿಟಕಿ ಪಕ್ಕ ಇಟ್ಟು ನೆರಳು ಬೀಳೋ ಕಡೆ ಬಿಳಿ ಹಾಳೆ ನಿಲ್ಲಿಸಿದ್ರೆ ಬೆಳಕು ವಾಪಸ್ ಬಂದು ಮುಖ ಕಾಣುತ್ತೆ. ಹಿಂದಗಡೆ ಒಂದೆರಡು ಅಡಿ ದೂರದಲ್ಲಿ ಹಸಿರು ಟವೆಲ್ ನೇತುಹಾಕಿದ್ರೆ ಅದು ಮಸುಕಾಗಿ ಕಾಡೇ ಆಗಿಬಿಡುತ್ತೆ, ಹತ್ರದಿಂದ ತೆಗೆದಾಗ ಕ್ಯಾಮೆರಾ ಹಂಗೇ ಮಾಡೋದು. ಬೆಳದಿಂಗಳು ಬೇಕಂದ್ರೆ ಹಿಂದಿನಿಂದ ಟಾರ್ಚ್, ಅದರ ಮುಂದೆ ನೀಲಿ ಪಾರದರ್ಶಕ ಹಾಳೆ. ಇಷ್ಟು ಹೇಳ್ಕೊಡಿ ಸಾಕು, ಯಾವ ಗೊಂಬೆ ಎಲ್ಲಿ ನಿಲ್ಲಬೇಕು ಅನ್ನೋದು ಮಗುವಿನ ತೀರ್ಮಾನ.

ಕ್ಲಾಸಲ್ಲಿ ನಾವು ಒಂದು ನಿಜ ಘಟನೆನೂ ಹೇಳ್ತಿದೀವಿ. 1917ರಲ್ಲಿ ಇಂಗ್ಲೆಂಡಿನ ಕಾಟಿಂಗ್ಲಿ ಅನ್ನೋ ಹಳ್ಳೀಲಿ ಎಲ್ಸಿ ರೈಟ್, ಫ್ರಾನ್ಸಿಸ್ ಗ್ರಿಫಿತ್ಸ್ ಅನ್ನೋ ಇಬ್ಬರು ಹುಡುಗೀರು, ಒಬ್ಬಳಿಗೆ 16 ಇನ್ನೊಬ್ಬಳಿಗೆ 9 ವರ್ಷ, ಕಾಗದದಲ್ಲಿ ಕಿನ್ನರಿಯರನ್ನ ಬಿಡಿಸಿ ಕತ್ತರಿಸಿ ಟೋಪಿಗೆ ಚುಚ್ಚೋ ಪಿನ್ನಲ್ಲಿ ಗಿಡಗಳ ಮಧ್ಯೆ ನಿಲ್ಲಿಸಿ ಫೋಟೋ ತೆಗೆದ್ರು. ದೊಡ್ಡ ಕಥೆಗಾರ ಆರ್ಥರ್ ಕಾನನ್ ಡಾಯ್ಲ್ ಅವರೇ ಅದನ್ನ ನಂಬಿ 1920ರಲ್ಲಿ ಪತ್ರಿಕೇಲಿ ಬರೆದ್ರು. ಕಾಗದದ ಗೊಂಬೆ ಅಂತ ಆ ಇಬ್ಬರು ಒಪ್ಕೊಂಡಿದ್ದು 1983ರಲ್ಲಿ, ಅಷ್ಟೊತ್ತಿಗೆ ಅಜ್ಜಿಯರಾಗಿದ್ರು. ಇದನ್ನ ಕೇಳಿದ ಮಕ್ಕಳು ಈಗ ಯಾವ ಫೋಟೋ ತೋರಿಸಿದ್ರೂ ಇದರ ಹೊರಗಡೆ ಏನಿತ್ತು ಮಿಸ್ ಅಂತ ಕೇಳ್ತಾರೆ, ನಂಗೆ ಅದು ತುಂಬಾ ಖುಷಿ.

ಮನೇಲಿ ಮೂರು ವರ್ಷಕ್ಕಿಂತ ಚಿಕ್ಕ ಮಗು ಇದ್ರೆ ದಯವಿಟ್ಟು ಹುಷಾರು, ಗೊಂಬೆಗಳ ಸಣ್ಣ ಭಾಗ ಗಂಟಲಿಗೆ ಸಿಕ್ಕೊಳ್ಳುತ್ತೆ. ಪುಟಾಣಿ ಲೈಟುಗಳಲ್ಲಿರೋ ಬಟನ್ ಬ್ಯಾಟರಿ ನುಂಗಿದ್ರೆ ಒಳಗೆ ಸುಟ್ಟು ಪ್ರಾಣಕ್ಕೇ ಅಪಾಯ, ಅಂಥ ಲೈಟು ಈ ಕೆಲಸಕ್ಕೆ ಬಳಸೋದೇ ಬೇಡ. ಮೇಣದಬತ್ತಿನೂ ಬೇಡ.

ಹೊಸದೇನೂ ಕೊಳ್ಳಬೇಡಿ. ಮುರಿದ ಗೊಂಬೆ, ಬಣ್ಣ ಹೋದ ಗೊಂಬೆ, ಒಂದು ಗುಂಡಿ, ಒಣಗಿದ ಎಲೆ, ಎಲ್ಲಾ ನಡಿಯುತ್ತೆ.

ಪ್ರತಿ ಮಗು ಎರಡು ಫೋಟೋ ತರಲಿ. ಒಂದು ಕಥೆಯದ್ದು. ಇನ್ನೊಂದು ದೂರದಿಂದ ತೆಗೆದಿದ್ದು, ಅದರಲ್ಲಿ ಮೇಜು, ಟವೆಲ್, ಟಾರ್ಚ್, ಕ್ಲೇ ಅಂಟಿದ ಪುಟ್ಟ ಕೈಗಳು ಎಲ್ಲಾ ಕಾಣ್ಬೇಕು. ಗೋಡೆ ಮೇಲೆ ಎರಡನ್ನೂ ಅಕ್ಕಪಕ್ಕ ಹಾಕ್ತೀವಿ.

ಇಂತಿ,
ನಿಮ್ಮ ಮಕ್ಕಳ ಮುಖ್ಯ ಶಿಕ್ಷಕಿ