ತಗಡಿನ ಶೆಡ್‌ಗಿಂತ ಮೊದಲು ಮಾಳಿಗೆಯ ಮಣ್ಣು ಇಳಿಯಲಿ

ಮಾನ್ಯ ಸಂಪಾದಕರೇ,

ಕಲಬುರಗಿ, ವಿಜಯಪುರದ ಕಡೆ ನೆಲ ನಡುಗಿದಾಗಲೆಲ್ಲ ಪತ್ರಿಕೆಗಳ ಸುದ್ದಿ ಒಂದೇ ಅಚ್ಚಿನಲ್ಲಿ ಬರುತ್ತದೆ. ರಿಕ್ಟರ್ ಮಾಪಕದಲ್ಲಿ ಇಷ್ಟು ದಾಖಲು, ಹೊರಗೋಡಿ ಬಂದ ಜನ, ರಾತ್ರಿ ಮಲಗಲು ತಗಡಿನ ಶೆಡ್‌ಗಾಗಿ ಗ್ರಾಮಸ್ಥರ ಒತ್ತಾಯ. ಮರುದಿನ ‘ಆತಂಕ ಬೇಡ’ ಎಂಬ ಹೇಳಿಕೆ. ವಾರ ಕಳೆಯುವುದರೊಳಗೆ ಜನ ಮತ್ತೆ ಅದೇ ಮಾಳಿಗೆಯ (ಮಣ್ಣು ಹೇರಿದ ಚಾವಣಿಯ) ಕೆಳಗೆ ಹೊರಸು ಹಾಕಿಕೊಂಡಿರುತ್ತಾರೆ. ಆ ಮಾಳಿಗೆ ಎಷ್ಟು ಭಾರ, ಅದನ್ನು ಹೊತ್ತಿರುವ ಗೋಡೆಯ ಹೊಟ್ಟೆಯಲ್ಲಿ ಏನಿದೆ ಎಂಬ ಮಾತು ಎಲ್ಲೂ ಬರುವುದಿಲ್ಲ.

ಮೊದಲು ಅಂಕಿಯ ವಿಷಯ. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರ ಭಾಗದಲ್ಲಿ 2021ರ ಅಕ್ಟೋಬರ್ 11ರ ರಾತ್ರಿ ದಾಖಲಾದದ್ದು 4.1. 1993ರ ಸೆಪ್ಟೆಂಬರ್ 30ರ ನಸುಕಿನ 3.56ಕ್ಕೆ ಲಾತೂರ್ ಜಿಲ್ಲೆಯ ಕಿಲ್ಲಾರಿಯನ್ನು ನೆಲಸಮ ಮಾಡಿದ್ದು ಸುಮಾರು 6.2. ಎರಡೇ ಅಂಕಿಯ ವ್ಯತ್ಯಾಸ ಎಂದು ಓದಿದವರಿಗೆ ಅನ್ನಿಸುತ್ತದೆ. ಆದರೆ ಈ ಲೆಕ್ಕದಲ್ಲಿ ಒಂದು ಅಂಕಿ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಅಂದರೆ 2.1 ಅಂಕಿ ಹೆಚ್ಚಿರುವ ಕಿಲ್ಲಾರಿಯದು ಗಡಿಕೇಶ್ವರದ್ದಕ್ಕಿಂತ ಸುಮಾರು ಸಾವಿರದ ನಾನೂರು ಪಟ್ಟು ದೊಡ್ಡದು. ಇನ್ನೊಂದು ಮಾತು: ಈ ಅಂಕಿ ಒಂದು ಕಂಪನಕ್ಕೆ ಒಂದೇ, ಅದು ಪರಿಮಾಣ. ತೀವ್ರತೆ, ಅಂದರೆ ಆಯಾ ಜಾಗದಲ್ಲಿ ನೆಲ ಎಷ್ಟು ಜೋರಾಗಿ ಅಲುಗಿತು ಎಂಬುದು, ಊರಿಂದೂರಿಗೆ ಬೇರೆ. ‘ನಮ್ಮೂರಲ್ಲಿ ಎಷ್ಟು ಬಂತು’ ಎಂದು ಕೇಳುವವರಿಗೆ 4.1 ಉತ್ತರವಲ್ಲ, ಪಾತ್ರೆ ಉರುಳಿತೇ, ಗೋಡೆ ಬಿರಿಯಿತೇ ಎಂಬುದು ಉತ್ತರ. ‘ಆಳ 10 ಕಿ.ಮೀ.’ ಎಂದು ಬರುವುದನ್ನೂ ಅಕ್ಷರಶಃ ನಂಬಬೇಕಿಲ್ಲ. ಹತ್ತಿರದಲ್ಲಿ ಸಾಕಷ್ಟು ಮಾಪನ ಕೇಂದ್ರಗಳಿಲ್ಲದಾಗ ಲೆಕ್ಕ ಕೂಡಿಬರಲೆಂದು 5 ಅಥವಾ 10 ಎಂದು ಇಟ್ಟುಕೊಳ್ಳುವುದು ವಾಡಿಕೆ. ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರ ಒಂದು ಅಂಕಿ, ದೆಹಲಿಯ ಭೂಕಂಪನ ಕೇಂದ್ರ ಇನ್ನೊಂದು ಅಂಕಿ ಕೊಟ್ಟರೆ ಯಾರೋ ಮುಚ್ಚಿಡುತ್ತಿದ್ದಾರೆ ಎಂದೂ ಅರ್ಥವಲ್ಲ.

ಸಣ್ಣ ಕಂಪನಕ್ಕೆ ಅಷ್ಟು ದೊಡ್ಡ ಸದ್ದೇಕೆ? ಮೇಲ್ಪದರದಲ್ಲೇ, ಗಟ್ಟಿ ಬಂಡೆಯಲ್ಲಿ ಬಿರುಕು ಜಾರಿದಾಗ ಹುಟ್ಟುವ ವೇಗದ ಅಲೆಗಳು ನೆಲದಿಂದ ಗಾಳಿಗೆ ದಾಟಿ ಕಿವಿಗೆ ಬೀಳುತ್ತವೆ. ಲಾರಿ ಹಾದಂತೆ, ಕಲ್ಲಿನ ಖಣಿಯಲ್ಲಿ ಮದ್ದು ಸಿಡಿದಂತೆ ಕೇಳುವುದು ಇದೇ. ಸದ್ದು ಜೋರಾಗಿತ್ತು ಎಂದರೆ ಕಂಪನ ದೊಡ್ಡದು ಎಂದಲ್ಲ, ಹತ್ತಿರದ್ದು ಎಂದಷ್ಟೇ. ಮಳೆಗಾಲ ಮುಗಿಯುವ ಹೊತ್ತಿಗೆ ಇಂಥವು ಹೆಚ್ಚುವುದಕ್ಕೆ ಬಿರುಕುಗಳೊಳಗೆ ಇಳಿದ ನೀರಿನ ಒತ್ತಡ ಕಾರಣವಿರಬಹುದು ಎಂದು ತಜ್ಞರು ಹೇಳುತ್ತಾರೆ.

‘ದೊಡ್ಡದು ಬರುತ್ತದೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ದಿನ, ವೇಳೆ ಸಮೇತ ಹರಿದಾಡುವುದೆಲ್ಲ ಸುಳ್ಳು. ಆ ವಿದ್ಯೆ ಯಾರಲ್ಲೂ ಇಲ್ಲ. ಇಂಥ ಸರಣಿಗಳು ಬಹುಪಾಲು ತಾವಾಗಿಯೇ ತಣ್ಣಗಾಗುತ್ತವೆ. ಆದರೆ ಕಿಲ್ಲಾರಿಯಲ್ಲೂ ಹಿಂದಿನ ವರ್ಷ, 1992ರಲ್ಲಿ, ತಿಂಗಳುಗಟ್ಟಲೆ ಸಣ್ಣ ನಡುಕ ಬಂದಿತ್ತು ಎಂಬುದೂ ನಿಜ. ಅಂದಿನ ಭೂಕಂಪ ಅಪಾಯದ ನಕ್ಷೆಯಲ್ಲಿ ಆ ಊರು ಅತಿ ಕಡಿಮೆ ಅಪಾಯದ ವಲಯ 1ರಲ್ಲಿತ್ತು. ಆಮೇಲೆ ಆ ವಲಯವನ್ನೇ ತೆಗೆದುಹಾಕಿದರು. 2002ರ ನಕ್ಷೆಯಲ್ಲಿ ವಿಜಯಪುರ ವಲಯ 3ರಲ್ಲೂ ಕಲಬುರಗಿ ವಲಯ 2ರಲ್ಲೂ ಇದ್ದವು. ಆಳಂದದಿಂದ ಕಿಲ್ಲಾರಿಗೆ ನೇರ ದೂರ 60 ಕಿ.ಮೀ. ಕೂಡ ಇಲ್ಲ. ಮನೆ ಕಟ್ಟುವ ರೀತಿಯೂ ಒಂದೇ.

ಕೊಲ್ಲುವುದು ಆ ರೀತಿಯೇ. ಹತ್ತು ಅಡಿಗೆ ಹತ್ತು ಅಡಿಯ ಒಂದು ಖೋಲಿ ತೆಗೆದುಕೊಳ್ಳಿ. ತೊಲೆ, ಜಂತಿ, ಅದರ ಮೇಲೆ ಹಲಗೆ ಅಥವಾ ಪರಸಿ (ಹಾಸುಗಲ್ಲು), ಅದರ ಮೇಲೆ ಮಣ್ಣು. ಸೋರುತ್ತದೆ ಎಂದು ಮಳೆಗಾಲಕ್ಕೆ ಮುಂಚೆ ಒಂದೊಂದು ಪದರ ಏರಿಸುತ್ತ ಹೋಗಿ, ಅಜ್ಜನ ಕಾಲದಿಂದ ಎರಡು ಅಡಿ ಆಗಿರುತ್ತದೆ. ಅಂದರೆ 200 ಘನ ಅಡಿ ಮಣ್ಣು. ಘನ ಅಡಿಗೆ 45 ಕೆ.ಜಿ. ಹಿಡಿದರೂ 9 ಟನ್. ನೆನೆದಾಗ ಇನ್ನೂ ಹೆಚ್ಚು. ನೆಲ ಅಲುಗಿದಾಗ ಮನೆಯ ಮೇಲೆ ಬೀಳುವ ಬಲ ಅದರ ತೂಕಕ್ಕೆ ತಕ್ಕಂತೆ ಬೆಳೆಯುತ್ತದೆ.

ಇನ್ನು ಗೋಡೆ. ಎರಡು ಅಡಿ ದಪ್ಪ ಇದೆ, ಗಟ್ಟಿ ಎಂದು ತೋರುತ್ತದೆ. ನಿಜದಲ್ಲಿ ಅದು ಒಂದು ಗೋಡೆಯಲ್ಲ, ಬೆನ್ನು ಮಾಡಿ ನಿಂತ ಎರಡು ತೆಳು ಗೋಡೆ. ಹೊರಮುಖಕ್ಕೊಂದು ಸಾಲು, ಒಳಮುಖಕ್ಕೊಂದು ಸಾಲು ಕಲ್ಲು, ನಡುವೆ ಚಕ್ಕೆಕಲ್ಲು ಮತ್ತು ಮಣ್ಣು. ಆಚೆಯಿಂದ ಈಚೆಗೆ ಮುಟ್ಟುವ ಉದ್ದಗಲ್ಲು ಇಲ್ಲ. ಅಲುಗಿದಾಗ ನಡುವಿನ ಪುಡಿ ಕುಸಿದು ಬೆಣೆಯಂತೆ ತಳ್ಳುತ್ತದೆ, ಎರಡು ಸಾಲೂ ಹೊಟ್ಟೆ ಬಿಟ್ಟು ಬೇರೆಯಾಗುತ್ತವೆ. ಮಾಳಿಗೆ ಕೆಳಗೆ ಬರುತ್ತದೆ. ಕಿಲ್ಲಾರಿ ಸುತ್ತ ಸುಮಾರು ಹತ್ತು ಸಾವಿರ ಜನ ಸತ್ತದ್ದು ಬಹುಪಾಲು ಹೀಗೆಯೇ, ಮಲಗಿದಲ್ಲೇ.

ಹಾಗಾಗಿ ಸಣ್ಣ ನಡುಕ ಬಂದ ಮರುದಿನ ಮಾಡಬೇಕಾದ ಮೊದಲ ಕೆಲಸ ಗೋಡೆ ಓದುವುದು. ಗೌಂಡಿಯ ತೂಗುಗುಂಡು ಮೇಲಿನಿಂದ ಇಳಿಬಿಡಿ. ನಡುಭಾಗ ದಾರವನ್ನು ಹೊರತಳ್ಳಿದರೆ ಹೊಟ್ಟೆ ಬಿಟ್ಟಿದೆ ಎಂದರ್ಥ. ಬಡಿದಾಗ ಟೊಳ್ಳು ಸದ್ದು ಬಂದರೂ ಅದೇ. ಎರಡು ಗೋಡೆ ಕೂಡುವ ಮೂಲೆಯಲ್ಲಿ ಮೇಲಿಂದ ಕೆಳಗೆ ಬಿರುಕು ಇದ್ದರೆ ಆ ಖೋಲಿಯಲ್ಲಿ ಮಲಗಬೇಡಿ. ಕೂದಲೆಳೆಯಷ್ಟು ಗಿಲಾವು ಬಿರುಕಿಗೆ ಗಾಬರಿ ಬೇಡ; ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಗೆರೆ ದಾಟಿದರೆ ಮಾತ್ರ ಅದು ಬೆಳೆಯುತ್ತಿದೆ. ಸಾಮಾನ್ಯವಾಗಿ ಜನ ಮಾಡುವುದು ಇದರ ತದ್ವಿರುದ್ಧ: ಬಿರುಕು ಕಾಣದಂತೆ ಸಿಮೆಂಟ್ ಗಿಲಾವು ಬಳಿಯುತ್ತಾರೆ. ಒಳಗಿನ ತೇವ ಹೊರಬರಲಾರದೆ ಮಣ್ಣು ಮೆತ್ತಗಾಗುತ್ತದೆ, ಹೊಟ್ಟೆ ಬಿಟ್ಟದ್ದೂ ಕಾಣುವುದಿಲ್ಲ. ಇನ್ನು ಕೆಲವರು ಮಣ್ಣಿನ ಮಾಳಿಗೆ ಕಿತ್ತು ಅದೇ ಹಳೇ ಗೋಡೆಯ ಮೇಲೆ ಆರ್‌ಸಿಸಿ ಸ್ಲ್ಯಾಬ್ ಹಾಕಿ, ಮೂಲೆಗೆ ಸಾವಿರ ಲೀಟರಿನ ಟ್ಯಾಂಕ್ ಇಡುತ್ತಾರೆ. ತುಂಬಿದ ಟ್ಯಾಂಕೇ ಒಂದು ಟನ್. ಕೆಳಗಿನ ಗೋಡೆ ಮಾತ್ರ ಅದೇ ದುರ್ಬಲ ಗೋಡೆ.

ಸರಿಯಾದ ದಾರಿಯಲ್ಲಿ ಮೊದಲು ಬರುವುದು ಮಾಳಿಗೆ. ಮಣ್ಣನ್ನು ಎಂಟು ಇಂಚಿಗೆ ಇಳಿಸಿ. ಒಂಬತ್ತು ಟನ್ ಮೂರಕ್ಕೆ ಬರುತ್ತದೆ. ಸೋರದಿರಲು ಮಣ್ಣಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಒಂದೇ ಬದಿಯಿಂದ ಇಳಿಸಿದರೆ ತೊಲೆ ಓರೆಯಾಗುತ್ತದೆ, ಎಲ್ಲ ಕಡೆಯಿಂದ ಸಮನಾಗಿ ತೆಗೆಯಬೇಕು. ಮರದ ಕಂಬಗಳಿದ್ದರೆ ಕಂಬ–ತೊಲೆ ಕೂಡುವಲ್ಲಿ ಎರಡೂ ಬದಿಗೆ ಓರೆ ಕಟ್ಟಿಗೆ ಆಧಾರ ಬಡಿಯಿರಿ. ಕಂಬ ನಿಂತರೆ ಗೋಡೆ ಬಿದ್ದರೂ ಮಾಳಿಗೆ ತಲೆಯ ಮೇಲೆ ಬಾರದು.

ಆಮೇಲೆ ಗೋಡೆಗೆ ಹೊಲಿಗೆ, ಅಂದರೆ ಬೇರೆಬೇರೆ ನಿಂತ ಎರಡು ಸಾಲು ಕಲ್ಲನ್ನು ಒಂದಕ್ಕೊಂದು ಕಟ್ಟುವುದು. ಇದಕ್ಕೆ ಐಎಸ್ 13935 ಎಂಬ ಭಾರತೀಯ ಮಾನದಂಡವೇ ಇದೆ. ಸುಮಾರು ಮೂರಡಿಗೊಂದರಂತೆ, ಒಂದು ಸಾಲಿನದು ಇನ್ನೊಂದಕ್ಕೆ ನೇರ ಬಾರದಂತೆ, ಗೋಡೆಯ ಆರಪಾರ ಮೂರು ಇಂಚಿನ ತೂತು ಬೇಕು. ಹತ್ತಡಿ ಗೋಡೆಗೆ ಎಂಟೊಂಬತ್ತು ಸಾಕು. ಹಾರೆಯಿಂದ ಗುದ್ದಬಾರದು, ಗೋಡೆಯೇ ಅದುರಿ ಸಡಿಲವಾಗುತ್ತದೆ. ಮುಖದ ಒಂದು ಕಲ್ಲನ್ನು ಚಾಣದಿಂದ ಮೆಲ್ಲನೆ ಬಿಡಿಸಿ, ಒಳಗಿನ ಚಕ್ಕೆ, ಮಣ್ಣನ್ನು ಕೈಯಿಂದ ಕೆದರಿ ತೆಗೆಯಬೇಕು. ಎರಡೂ ಬಾಯಿ ಅಗಲ, ನಡು ಸಪೂರ ಇರಲಿ, ಗಟ್ಟಿಯಾದ ಮೇಲೆ ಅದೇ ಬೀಗ. ಎರಡೂ ತುದಿ ಕೊಕ್ಕೆ ಬಗ್ಗಿಸಿದ 8 ಮಿ.ಮೀ. ರಾಡು ಇಟ್ಟು, ತೂತನ್ನು ನೀರಿನಿಂದ ತೋಯಿಸಿ, ಒಂದು ಪಾಲು ಸಿಮೆಂಟ್, ಎರಡು ಪಾಲು ಉಸುಕು, ನಾಲ್ಕು ಪಾಲು ಸಣ್ಣ ಖಡಿ ತುಂಬಿ. ರಾಡಿನ ಸುತ್ತ ಒಂದಿಂಚು ಕಾಂಕ್ರೀಟ್ ಇರಲೇಬೇಕು, ಇಲ್ಲವಾದರೆ ತುಕ್ಕು ತಿನ್ನುತ್ತದೆ. ಹತ್ತು ದಿನ ನೀರುಣಿಸಿ. ಅಕ್ಕಪಕ್ಕದ ತೂತುಗಳನ್ನು ಒಂದೇ ದಿನ ತೆಗೆಯಬಾರದು. ಕೆಲಸ ಮುಗಿಯುವ ತನಕ ತೊಲೆಗಳ ಕೆಳಗೆ ಊರುಗಂಬ ಇರಲಿ.

ಬಾಗಿಲ ಮೇಲಿನ ಮಟ್ಟದಲ್ಲಿ ಮನೆಯ ಸುತ್ತ ವೆಲ್ಡೆಡ್ ಜಾಲರಿಯ ಪಟ್ಟಿ ಬಡಿದು, 1:3 ಗಾರೆಯಲ್ಲಿ ಒಂದೂವರೆ ಇಂಚು ಮುಚ್ಚಿದರೆ ನಾಲ್ಕೂ ಗೋಡೆ ಒಂದಾಗಿ ಅಲುಗುತ್ತವೆ. ಮೂಲೆಯಲ್ಲಿ ತುಂಡಾದರೆ ವ್ಯರ್ಥ. ಜೋಡಿಸುವಲ್ಲಿ ಒಂದಡಿ ಮೇಲೆ ಮೇಲೆ ಬರಲಿ. ಹೊಸದಾಗಿ ಕಲ್ಲಿನಲ್ಲಿ ಕಟ್ಟುವವರು ಗೋಡೆಯನ್ನು ಒಂದೂವರೆ ಅಡಿಗಿಂತ ದಪ್ಪ ಮಾಡದೆ, ಎತ್ತರದಲ್ಲಿ ಎರಡಡಿಗೊಂದು, ಉದ್ದದಲ್ಲಿ ನಾಲ್ಕಡಿಗೊಂದು ಆರಪಾರ ಕಲ್ಲು ಕೂಡಿಸಿದರೆ ಈ ಹೊಲಿಗೆಯ ಪ್ರಸಂಗವೇ ಇಲ್ಲ.

ನಡುಗುವ ಹೊತ್ತಿಗೆ ಏನು ಮಾಡಬೇಕೆಂಬ ಸಲಹೆಯೂ ಮನೆ ನೋಡಿ ಬದಲಾಗಬೇಕು. ಆರ್‌ಸಿಸಿ ಚೌಕಟ್ಟಿನ ಮನೆಯಲ್ಲಿ ಮೇಜಿನ ಕೆಳಗೆ ಕೂತು ಅದರ ಕಾಲು ಹಿಡಿಯುವುದು ಸರಿ. ಕಲ್ಲು-ಮಣ್ಣಿನ ಮಾಳಿಗೆ ಮನೆಯಲ್ಲಿ ಬಾಗಿಲು ನಾಲ್ಕು ಹೆಜ್ಜೆಯೊಳಗಿದ್ದರೆ ಹೊರಗೆ ಹೋಗಿ, ಆದರೆ ಓಣಿಯ ಗೋಡೆಗೆ ಅಂಟಿಕೊಂಡು ನಿಲ್ಲಬೇಡಿ. ಕುಂಬಿಯ (ಮಾಳಿಗೆ ಅಂಚಿನ ಗಿಡ್ಡ ಗೋಡೆಯ) ಕಲ್ಲು ಬೀಳುವುದು ಅಲ್ಲಿಗೇ. ಬಾಗಿಲು ದೂರವಿದ್ದರೆ ಗಟ್ಟಿ ಕಬ್ಬಿಣದ ಮಂಚದ ಕೆಳಗೆ ಮುದುಡಿಕೊಳ್ಳುವುದಷ್ಟೇ ಉಳಿದ ಉಪಾಯ. ನಾಗೊಂದಿಗೆಯ ಮೇಲಿನ ತಾಮ್ರದ ಹಂಡೆ, ಬೀಸುಕಲ್ಲು ಇಂದೇ ಕೆಳಗಿಳಿಯಲಿ.

ಶೆಡ್ ಬೇಡವೆನ್ನುತ್ತಿಲ್ಲ. ಹೊಟ್ಟೆ ಬಿಟ್ಟ ಗೋಡೆಯವರಿಗೆ ದುರಸ್ತಿ ಮುಗಿಯುವವರೆಗೆ ಅದು ಬೇಕೇ ಬೇಕು. ಆದರೆ ಶೆಡ್‌ಗೆ ಪಟ್ಟಿ ಮಾಡಲು ಬರುವ ಪಂಚಾಯ್ತಿಯವರು ಪ್ರತಿ ಮನೆಯ ಮಾಳಿಗೆಯ ಮಣ್ಣು ಎಷ್ಟು ಇಂಚಿದೆ, ಗೋಡೆ ಎಷ್ಟು ದಪ್ಪ, ಮೂಲೆ ಬಿರುಕಿದೆಯೇ ಎಂಬ ಮೂರು ಕಲಂ ಕೂಡಿಸಿಕೊಳ್ಳಲಿ. ಗೌಂಡಿಗಳಿಗೆ ಎರಡು ದಿನ ಈ ಹೊಲಿಗೆ ಕಲಿಸಿದರೆ ಊರಲ್ಲೇ ಕೆಲಸ ಆಗುತ್ತದೆ. ಮಣ್ಣು ಇಳಿಸಲು ಒಣ ಕಾಲವೇ ಬೇಕು, ಸಂಕ್ರಾಂತಿಯಿಂದ ಯುಗಾದಿ ತನಕ ಸರಿಯಾದ ಹೊತ್ತು. ರೋಹಿಣಿ ಮಳೆ ಬಿದ್ದ ಮೇಲೆ ಮಾಳಿಗೆ ಬಿಚ್ಚಲು ಯಾರೂ ಒಪ್ಪುವುದಿಲ್ಲ.

ಇತಿ,
ಕಟ್ಟಡ ದುರಸ್ತಿ ಎಂಜಿನಿಯರ್, ಕಲಬುರಗಿ